ನನ್ನ ಅನುಭವ: ಹೆಡ್ ಇಳಿಸದೆ ಏರ್ ಲಾಕ್ ಬಿಡಿಸಿದ ಬಗೆ

ಬೇರೆಡೆ ವಾಟರ್ ಪಂಪ್ ಬದಲಿಸಿಕೊಂಡಿದ್ದ ಹಳೆಯ ಡೀಸೆಲ್ ಟ್ಯಾಕ್ಸಿಯೊಂದು ಹಾಸನದ ನನ್ನ ಗ್ಯಾರೇಜಿಗೆ ಬಂದಾಗ, ಇಂಜಿನ್ನಿನ ಮೇಲ್ಭಾಗವಾದ ಹೆಡ್ ಇಳಿಸಲು ಸುಮಾರು ಇಪ್ಪತ್ತು ಸಾವಿರ ರೂಪಾಯಿ ಬೇಕೆಂಬ ಅಂದಾಜುಪಟ್ಟಿಯೂ ಅದರ ಜೊತೆಗೇ ಬಂದಿತ್ತು. ಟೆಂಪರೇಚರ್ ಮುಳ್ಳು ಏರುತ್ತಿದ್ದರೂ ರೇಡಿಯೇಟರ್ ತಣ್ಣಗಿತ್ತು, ಹೀಟರಿನಲ್ಲಿ ತಣ್ಣನೆಯ ಗಾಳಿ ಬರುತ್ತಿತ್ತು, ಡ್ಯಾಶ್‌ಬೋರ್ಡಿನ ಹಿಂದೆ ಗೊಳಗೊಳ ಸದ್ದು ಕೇಳುತ್ತಿತ್ತು. ಇದು ಏರ್ ಲಾಕ್, ಅಂದರೆ ಇಂಜಿನ್ ತಂಪಾಗಿಸುವ ನೀರಿನ ಹಾದಿಯಲ್ಲಿ ಗಾಳಿ ಸಿಕ್ಕಿಕೊಂಡಿದೆ ಎಂದು ನಾನೆಂದರೆ ಒಪ್ಪುವವರಿರಲಿಲ್ಲ. ಇಂಜಿನ್ ಬಿಸಿಯಾದಾಗ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವ್ ಆದ ಥರ್ಮೋಸ್ಟಾಟ್ ಕಿತ್ತುಹಾಕಿದರೆ ಎಲ್ಲವೂ ಸರಿಹೋಗುತ್ತದೆ ಎಂಬುದು ಪಕ್ಕದ ಗ್ಯಾರೇಜಿನ ಹಿರಿಯರ ಸಲಹೆಯಾಗಿತ್ತು.

ನಾನು ಕಿತ್ತದ್ದು ನಿಜ, ಆದರೆ ಬಿಸಾಡಲು ಅಲ್ಲ. ಪಾತ್ರೆಯಲ್ಲಿ ನೀರು ಕಾಯಿಸಿ ಥರ್ಮಾಮೀಟರ್ ಜೊತೆಗಿಟ್ಟು ನೋಡಿದಾಗ, ಮೇಲೆ ಮುದ್ರಿಸಿದ್ದ 88 ಡಿಗ್ರಿಯ ಆಸುಪಾಸಿನಲ್ಲಿಯೇ ಅದು ತೆರೆದುಕೊಂಡಿತು. ದೋಷವಿದ್ದದ್ದು ಕೂರಿಸಿದ ರೀತಿಯಲ್ಲಿ. ಗಾಳಿ ಬಿಡುವ ಪುಟ್ಟ ಪಿನ್ ಕೆಳಮುಖವಾಗಿತ್ತು. ಅದನ್ನು ಮೇಲಕ್ಕೆ ತಿರುಗಿಸಿ ಕೂರಿಸಿದೆ.

ಕ್ಯಾಪ್ ತೆರೆದು, ಬರಿಯ ನೀರು ತುಂಬಿ, ಫ್ಯಾನ್ ತಿರುಗುವವರೆಗೆ ಐಡ್ಲಿಂಗಿನಲ್ಲಿ ಬಿಡುವ ರೂಢಿಯ ವಿಧಾನ ಇಲ್ಲಿ ಮತ್ತೆ ಮತ್ತೆ ಕೈಕೊಟ್ಟಿತು. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿರುವುದರಿಂದ ತೆರೆದ ನೀರು 97 ಡಿಗ್ರಿಯ ಹೊತ್ತಿಗೇ ಕುದಿಯುತ್ತದೆ; ಫ್ಯಾನ್ ತಿರುಗುವ ಮೊದಲೇ ಅದು ಉಕ್ಕಿ ಚೆಲ್ಲುವುದನ್ನು ಕಂಡವರು ಹೆಡ್ಡಿನಡಿಯ ಸೀಲಾದ ಗ್ಯಾಸ್ಕೆಟ್ ಹೋಗಿದೆ ಎಂದು ತೀರ್ಮಾನಿಸುತ್ತಾರೆ. ಹಾಗಾಗಿ ನೀರಿಗೆ ಅರ್ಧಕ್ಕೆ ಅರ್ಧ ಬೆರೆಸಿದ, ನೀರಿಗಿಂತ ಹೆಚ್ಚು ಬಿಸಿಯಲ್ಲಿ ಕುದಿಯುವ ಕೂಲೆಂಟನ್ನೇ ಮೊದಲಿನಿಂದ ಬಳಸಿದೆ. ಕೂಲೆಂಟಿನ ಖರ್ಚು ಎಂಟುನೂರು ರೂಪಾಯಿಯೊಳಗೆ ಮುಗಿಯಿತೆಂದು ನೆನಪು.

ಹೀಟರಿನ ಗಾಳಿಯನ್ನು ಬಿಸಿಮಾಡುವ ಪುಟ್ಟ ರೇಡಿಯೇಟರಾದ ಹೀಟರ್ ಕೋರ್, ಮುಂದಿನ ರೇಡಿಯೇಟರಿನ ಬಾಯಿಗಿಂತ ಎತ್ತರದಲ್ಲಿತ್ತು. ಆದ್ದರಿಂದ ಮುಂಚಕ್ರಗಳನ್ನು ಒಂದೂವರೆ ಅಡಿಯಷ್ಟು ಎತ್ತರದ ರ‍್ಯಾಂಪಿಗೆ ಹತ್ತಿಸಿ, ಹಳೆಯ ಕ್ಯಾಪೊಂದಕ್ಕೆ ಆಯಿಲ್ ಡಬ್ಬಿ ಬೆಸೆದು ನಾನೇ ಮಾಡಿಕೊಂಡ ಲಾಳಿಕೆಯನ್ನು ರೇಡಿಯೇಟರಿಗೆ ಬಿಗಿದೆ. ಅಂಗಡಿಯಲ್ಲಿ ಸಿಗುವ ಇಂಥ ಲಾಳಿಕೆಗೆ ಸಾವಿರ ದಾಟುತ್ತದೆ, ನನ್ನದಕ್ಕೆ ನೂರೈವತ್ತೂ ಆಗಿಲ್ಲ, ಸೋರುವುದೂ ಇಲ್ಲ. ಇಂಜಿನ್ ತಣ್ಣಗಿರುವಾಗಲೇ ಹೀಟರಿನ ಮೇಲಿನ ಹೋಸ್ ಸಡಿಲಿಸಿ, ಗುಳ್ಳೆಯಿಲ್ಲದ ಧಾರೆ ಬರುವವರೆಗೆ ನಿಧಾನವಾಗಿ ಸುರಿದು, ಕ್ಲಿಪ್ ಬಿಗಿದೆ. ಆಮೇಲೆ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಇಂಜಿನ್ ಚಾಲೂ ಮಾಡಿದೆ. ಥರ್ಮೋಸ್ಟಾಟ್ ತೆರೆದ ಕ್ಷಣ ಲಾಳಿಕೆಯ ಮಟ್ಟ ಸರ‍್ರನೆ ಇಳಿಯುತ್ತದೆ. ಆಗ ಎರಡು ಸಾವಿರ ಆರ್‌ಪಿಎಂ ಮೀರದಂತೆ ರೇಸ್ ಮಾಡುತ್ತಾ ಹೋಸುಗಳನ್ನು ಹಿಸುಕಬೇಕು. ಯಾವ ಹೋಸನ್ನು ಯಾವ ಹೊತ್ತಿನಲ್ಲಿ ಎಂಬುದನ್ನು ಮಾತ್ರ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ. ಕೊನೆಗೆ ಲಾಳಿಕೆಯನ್ನು ತೆಗೆಯದೆ ರಾತ್ರಿಯಿಡೀ ಆರಲು ಬಿಟ್ಟೆ; ಬೆಳಿಗ್ಗೆಗೆ ಇನ್ನೂ ಅರ್ಧ ಲೀಟರಿನಷ್ಟು ಒಳಗೆ ಎಳೆದುಕೊಂಡಿತ್ತು.

ನಡುವೆ ಕಂಪ್ರೆಸರಿನಿಂದ ನಿರ್ವಾತ ಮಾಡಿ ತುಂಬುವ ಉಪಕರಣವನ್ನೂ ಎರವಲು ತಂದು ನೋಡಿದ್ದೆ. ಈ ಗಾಡಿಯ ಮೆತ್ತಗಾದ ಹೋಸುಗಳು ಚಪ್ಪಟೆಯಾಗಿ ಅಂಟಿಕೊಂಡವು. ಹೊಸ ಹೋಸುಗಳಿರುವ ಗಾಡಿಗೆ ಅದು ಒಳ್ಳೆಯದಿರಬಹುದು.

ಮರುದಿನ ಎ.ಸಿ. ಹಾಕಿಕೊಂಡೇ ಗುಂಡ್ಯದಿಂದ ಶಿರಾಡಿ ಘಾಟಿ ಹತ್ತಿಸಿದೆ. ಸಕಲೇಶಪುರದವರೆಗೂ ಮುಳ್ಳು ನಡುವಿನಿಂದ ಕದಲಲಿಲ್ಲ. ಕೂಲಿಗೆಂದು ಆರುನೂರು ಪಡೆದೆ. ಇಷ್ಟೆಲ್ಲ ಮಾಡಿದ ಮೇಲೂ ಲಾಳಿಕೆಯಲ್ಲಿ ಗುಳ್ಳೆ ನಿಲ್ಲದೆ, ಕ್ಯಾಪ್ ಹಾಕಿ ತಣ್ಣನೆಯ ಇಂಜಿನ್ ಚಾಲೂ ಮಾಡಿದ ಸ್ವಲ್ಪ ಹೊತ್ತಿಗೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ, ಗ್ಯಾಸ್ಕೆಟ್ ಹೋಗಿದೆ ಎಂದೇ ತಿಳಿದು ಅಂಥ ಗಾಡಿಯ ಹೆಡ್ಡನ್ನು ನಾನೂ ಇಳಿಸುತ್ತೇನೆ.