ಚಳಿಗೆ ಮೀನು ಮೇವು ಬಿಡ್ತಾ? ಹೊಂಡದ ನೀರು ನೋಡಿ ಮೇವು ಹಾಕೋದು ಹೀಗೆ

ತೀರ್ಥಹಳ್ಳಿ, ಹೊಸನಗರ ಕಡೆ ತೋಟದ ಹೊಂಡದಲ್ಲಿ ಕಾಟ್ಲಾ, ರೋಹು ಬಿಟ್ಟವ್ರು ಡಿಸೆಂಬರ್ ಬಂದ್ರೆ ಕೇಳೋದು ಒಂದೇ, ಮೀನು ಯಾಕೋ ತಿಂತಿಲ್ಲ, ರೋಗ ಬಂತಾ ಅಂತ. ಸುಮಾರು ಸಲ ರೋಗ ಅಲ್ಲ, ನೀರು ತಣ್ಣಗಾಗಿರುತ್ತೆ ಅಷ್ಟೆ.

ಮೊದ್ಲು ಒಂದು ಥರ್ಮಾಮೀಟರ್ ತಗೊಂಡು ದಾರ ಕಟ್ಟಿ ಒಂದು ಮೊಳ ಆಳಕ್ಕೆ ಇಳಿಸಿ, ಬೆಳಿಗ್ಗೆ ಒಂದ್ಸಲ ಮಧ್ಯಾಹ್ನ ಒಂದ್ಸಲ ನೋಡಿ ಬರೆದಿಡಿ. ಮೀನಿನ ಮೈ ಬಿಸಿ ಅಂದ್ರೆ ನೀರಿನ ಬಿಸಿನೇ, ನೀರು 10 ಡಿಗ್ರಿ ಇಳಿದ್ರೆ ಮೈಯೊಳಗಿನ ಕೆಲಸ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತೆ, ಜೀರ್ಣನೂ ಅಷ್ಟೆ. ಹಾಗಾಗಿ 25ರ ಮೇಲಿದ್ರೆ ಪೂರ್ತಿ ಮೇವು, 20ಕ್ಕಿಂತ ಕೆಳಗೆ ಬಂದ್ರೆ ಅರ್ಧ, 15ರ ಹತ್ರ ಹೋದ್ರೆ ನಿಲ್ಸಿಬಿಡಿ. ಹಾಕೋದೂ ಬೆಳಿಗ್ಗೆ ಮಂಜಲ್ಲಿ ಬೇಡ, ಬಿಸಿಲು ಬಿದ್ದು ನೀರು ಬೆಚ್ಚಗಾದ್ಮೇಲೆ ಹಾಕಿ. ತಿನ್ನದೆ ಉಳಿದ ತೌಡು, ಹಿಂಡಿ ತಳದಲ್ಲಿ ಕೊಳೆತು ಆಕ್ಸಿಜನ್ ತಿಂದುಹಾಕುತ್ತೆ.

ಇನ್ನು ಸ್ನಾಯು ವಿಷ್ಯ. ಮೀನು ಕೊಯ್ಯುವಾಗ ನೋಡಿ, ಪಕ್ಕದ ಗೆರೆ ಉದ್ದಕ್ಕೂ ಚರ್ಮದ ಕೆಳಗೆ ಕಂದುಗೆಂಪು ಪಟ್ಟಿ ಇರುತ್ತೆ, ಉಳಿದದ್ದೆಲ್ಲ ಬಿಳಿ ಮಾಂಸ. ದಿನವಿಡೀ ನಿಧಾನಕ್ಕೆ ಈಜೋಕೆ ಆ ಕೆಂಪು ಪಟ್ಟಿನೇ, ಅದು ಆಕ್ಸಿಜನ್ ಬಳಸಿ ಕೊಬ್ಬು ಸುಡುತ್ತೆ. ಚಳಿ ಮುಂದುವರಿದ್ರೆ ಗೆಂಡೆ, ಗೋಲ್ಡ್ ಫಿಶ್ ಜಾತಿಯವು ಈ ಕೆಂಪು ಸ್ನಾಯುವಲ್ಲಿ ಮೈಟೊಕಾಂಡ್ರಿಯಾ (ಜೀವಕೋಶದೊಳಗೆ ಶಕ್ತಿ ತಯಾರಿಸೋ ಪುಟ್ಟ ಘಟಕಗಳು) ಜಾಸ್ತಿ ಮಾಡ್ಕೊಳ್ತವೆ, ಒಂದೊಂದರ ಕೆಲಸ ನಿಧಾನ ಆದ್ರೂ ಒಟ್ಟು ಶಕ್ತಿ ತೀರಾ ಕಮ್ಮಿ ಆಗ್ಬಾರ್ದು ಅಂತ. ಚಳಿಗೆ ತೆಂಗಿನೆಣ್ಣೆ ಗಟ್ಟಿಯಾದ ಹಾಗೆ ಜೀವಕೋಶದ ಪೊರೆನೂ ಬಿಗಿಯಾಗ್ಬಾರ್ದಲ್ಲ, ಅದಕ್ಕೆ ಪೊರೆಯ ಕೊಬ್ಬನ್ನೂ ಬದಲಾಯಿಸ್ಕೊಳ್ತವೆ. ಎಷ್ಟು ಚೆಂದದ ವ್ಯವಸ್ಥೆ ನೋಡಿ! ಆದ್ರೆ ಇದೆಲ್ಲ ಆಗೋಕೆ ವಾರಗಟ್ಲೆ ಬೇಕು, ಒಂದು ರಾತ್ರಿಲಿ ಆಗಲ್ಲ. ಕಾಟ್ಲಾ, ರೋಹು ಬೆಚ್ಚಗಿನ ನೀರಿನವು, ಕಾಮನ್ ಕಾರ್ಪ್ (ಸಾಮಾನ್ಯ ಗೆಂಡೆ) ಅವಕ್ಕಿಂತ ಚಳಿ ತಡಿಯುತ್ತೆ, ತಂಪು ಜಾಗದ ಹೊಂಡಕ್ಕೆ ಅದನ್ನೂ ಸೇರಿಸಿ ಬಿಡೋದು ಒಳ್ಳೇದು ಅಂತ ನನ್ನ ಅಭಿಪ್ರಾಯ.

ಫೆಬ್ರವರಿಲಿ ನೀರು ಬೆಚ್ಚಗಾಯ್ತು ಅಂತ ಮೇವು ಒಂದೇ ಸಲ ಡಬಲ್ ಮಾಡ್ಬೇಡಿ, ಸ್ವಲ್ಪ ಸ್ವಲ್ಪ ಏರಿಸಿ. ಬೇಸಿಗೆಲಿ ಕಷ್ಟ ಬೇರೆ, 20 ಡಿಗ್ರಿಲಿ ಲೀಟರ್ ನೀರಲ್ಲಿ ಸುಮಾರು 9 ಮಿಲಿಗ್ರಾಂ ಆಕ್ಸಿಜನ್ ಕರಗುತ್ತೆ, 30ಕ್ಕೆ ಏಳೂವರೆ ಅಷ್ಟೆ, ಸ್ನಾಯು ಕೇಳೋದು ಮಾತ್ರ ಜಾಸ್ತಿ.

ಬಲೆ ಹಾಕುವಾಗ ಮೀನು ಹಾರಿ ಒದ್ದಾಡೋದು ಬಿಳಿ ಸ್ನಾಯುವಿಂದ, ಅದು ಆಕ್ಸಿಜನ್ ಇಲ್ದೆ ಗ್ಲೈಕೋಜನ್ (ಸ್ನಾಯುವಲ್ಲಿ ಕೂಡಿಟ್ಟ ಸಕ್ಕರೆ) ಖರ್ಚು ಮಾಡುತ್ತೆ, ಲ್ಯಾಕ್ಟಿಕ್ ಆಸಿಡ್ ತುಂಬ್ಕೊಳ್ಳುತ್ತೆ, ಸುಧಾರಿಸ್ಕೊಳ್ಳೋಕೆ ಗಂಟೆಗಟ್ಲೆ ಬೇಕು. ಜೀವಂತ ಸಾಗಿಸೋದಿದ್ರೆ ಹಿಂದಿನ ದಿನದಿಂದ್ಲೇ ಮೇವು ನಿಲ್ಸಿ, ಬಲೆ ಬೇಗ ಎಳೆದು ಮುಗಿಸಿ, ಹಿಡಿದ ಮೀನನ್ನ ಒಳ್ಳೆ ನೀರಲ್ಲಿ ಕೆಲವು ಗಂಟೆ ಬಿಟ್ಟು ಆಮೇಲೆ ಗಾಡಿಗೆ ಹಾಕಿ.