ಬಟ್ಟೆ, ಹಾಡು, ಓಡಾಟ: ಎಲ್ಲ ಸೇರಿ 7 ಕೆಜಿ

"ಇದನ್ನೆಲ್ಲ ಯಾವಾಗ ಮಾಡ್ತೀರಿ, ಟೈಮ್ ಎಲ್ಲಿಂದ ಸಿಗುತ್ತೆ?" ಅಂತ ಕೇಳುವವರಿಗೆ ನನ್ನ ಉತ್ತರ ಅಷ್ಟಾಗಿ ಹಿಡಿಸುವುದಿಲ್ಲ. ನಾನು ಮಾಡುವುದೇ ಕಡಿಮೆ. ನಾಲ್ಕು ತಂತಿಯ ಒಂದು ವಾದ್ಯ, ನಾನೇ ಹೊಲಿದುಕೊಂಡ ಒಂದಿಷ್ಟು ಬಟ್ಟೆ, ವರ್ಷಕ್ಕೆ ಎರಡು ಉದ್ದನೆಯ ಓಡಾಟ. ಉಳಿದ ದಿನಗಳಲ್ಲಿ ಲೆಕ್ಕಪತ್ರ ನೋಡುವ ಕೆಲಸ, ಹೊಟ್ಟೆಪಾಡು ಅದರಲ್ಲೇ. ಒಮ್ಮೆ ಆ ಕೆಲಸ ಬಿಟ್ಟುಬಿಡೋಣ ಅನ್ನಿಸಿತ್ತು, ಬಿಡಲಿಲ್ಲ. ಹಾಡು ನನ್ನನ್ನು ಸಾಕಲಿ ಅಂತ ಕೂತರೆ ಹಾಡೂ ಒಂದು ಲೆಕ್ಕದ ಪುಸ್ತಕ ಆಗಿಬಿಡುತ್ತದೆ ಅನ್ನುವ ಭಯ ನನ್ನದು. ಬೇರೆಯವರಿಗೆ ಹಾಗಾಗದೇ ಇರಬಹುದು.

ಶುರುವಿನ ವರ್ಷಗಳಲ್ಲಿ ಮೂರನ್ನೂ ಬೇರೆ ಬೇರೆಯಾಗಿ ಹೊತ್ತುಕೊಂಡು ತಿರುಗುತ್ತಿದ್ದೆ. ದೊಡ್ಡ ಸೂಟ್‌ಕೇಸ್ ತುಂಬ ಬಟ್ಟೆ, ಗಿಟಾರಿಗೆ ಬೇರೆ ಪೆಟ್ಟಿಗೆ, ಕ್ಯಾಮೆರಾಗೆ ಇನ್ನೊಂದು ಚೀಲ. ಹೋದ ಕಡೆಯೆಲ್ಲ ಸಾಮಾನು ಕಾಯುವುದೇ ಕೆಲಸ. ಗಿಟಾರ್ ರೂಮಿನ ಮೂಲೆಯಲ್ಲಿ ಕೂತಿರುತ್ತಿತ್ತು, ನಾನು ದಿನಕ್ಕೆ ಮೂರು ಸಲ ಬಟ್ಟೆ ಬದಲಿಸಿ ಫೋಟೋ ತೆಗೆಸಿಕೊಳ್ಳುತ್ತಿದ್ದೆ. ಆಮೇಲೆ ಒಂದು ಸಲ ಸೂಟ್‌ಕೇಸ್ ನನ್ನ ಜೊತೆ ಇಳಿಯಲೇ ಇಲ್ಲ, ಐದು ದಿನ ತಡವಾಗಿ ಬಂತು. ಆ ಐದು ದಿನ ಮೈಮೇಲಿದ್ದ ಲಿನನ್ ಶರ್ಟು, ಕೈಚೀಲದಲ್ಲಿದ್ದ ಒಂದು ಮೆರಿನೋ ಉಣ್ಣೆಯ ಟೀ ಶರ್ಟು, ಒಂದು ಜೀನ್ಸ್, ಇಷ್ಟರಲ್ಲೇ ಕಳೆದೆ. ರಾತ್ರಿ ಒಗೆದು ಹಾಕಿದ ಲಿನನ್ ಬೆಳಗ್ಗೆಗೆ ಒಣಗಿರುತ್ತಿತ್ತು, ಸುಕ್ಕು ಮಾತ್ರ ಕೇಳಬೇಡಿ. ಉಣ್ಣೆಯದು ಮೂರು ದಿನ ಹಾಕಿದರೂ ವಾಸನೆ ಬರಲಿಲ್ಲ. ಉಣ್ಣೆಯ ಎಳೆ ತನ್ನ ತೂಕದ ಸುಮಾರು 30% ತೇವ ಹೀರಿಕೊಂಡರೂ ಮೈಗೆ ಒದ್ದೆ ಅನ್ನಿಸುವುದಿಲ್ಲ, ಇದು ಆಮೇಲೆ ಓದಿ ಗೊತ್ತಾಗಿದ್ದು. ಜೀನ್ಸ್ ಎರಡು ದಿನವಾದರೂ ಸೊಂಟದ ಹತ್ತಿರ ಹಸಿ ಹಸಿ. ಸೂಟ್‌ಕೇಸ್ ಕೈಗೆ ಸಿಕ್ಕಾಗ ಖುಷಿಗಿಂತ ಬೇಜಾರೇ ಜಾಸ್ತಿ ಆಯಿತು, ಮತ್ತೆ ಇದನ್ನು ಎಳೆಯಬೇಕಲ್ಲ ಅಂತ.

ಅಲ್ಲಿಂದ ಒಂದೇ ಕಟ್ಟು. ಹಲವು ವಿಮಾನ ಕಂಪನಿಗಳು ಕೈಯಲ್ಲಿ ಒಯ್ಯಲು ಬಿಡುವುದು 7 ಕೆಜಿ. ಬಟ್ಟೆ, ವಾದ್ಯ, ರೆಕಾರ್ಡರು, ಸೂಜಿದಾರ, ಎಲ್ಲ ಅದರೊಳಗೇ ಬರಬೇಕು. ಒಂದು ಜಾಸ್ತಿಯಾದರೆ ಇನ್ನೊಂದು ಬಿಡಬೇಕು. ನನ್ನ ಮೂರು ಹುಚ್ಚುಗಳು ಒಂದಕ್ಕೊಂದು ಮಾತಾಡಲು ಶುರು ಮಾಡಿದ್ದು ಈ ಜಗಳದಿಂದಲೇ.

ಗಿಟಾರ್ ಹೋಯಿತು, ಅದರ ಪುಟ್ಟ ತಮ್ಮನಂಥ ನಾಲ್ಕು ತಂತಿಯ ಯುಕುಲೇಲೆ ಬಂತು. ಸೊಪ್ರಾನೋ ಅನ್ನುವ ಅಳತೆಯದು, ಉದ್ದ ಸುಮಾರು 53 ಸೆಂಮೀ, ತೂಕ ಅರ್ಧ ಕೆಜಿ. ಇದು ಹುಟ್ಟಿದ್ದೇ ಓಡಾಟದಿಂದ ಅನ್ನುವುದು ನನಗೆ ತುಂಬ ಇಷ್ಟ. 1879ರಲ್ಲಿ ಪೋರ್ಚುಗಲ್‌ನ ಮಡೈರಾ ದ್ವೀಪದಿಂದ ಕೆಲಸ ಹುಡುಕಿಕೊಂಡು ಹವಾಯಿಗೆ ಹಡಗಲ್ಲಿ ಬಂದವರ ಜೊತೆ ಅವರ ಪುಟ್ಟ ವಾದ್ಯವೂ ಬಂತು. ಅವರಲ್ಲಿದ್ದ ಮರಗೆಲಸದವರು ಅಲ್ಲಿನ ಮರದಲ್ಲಿ ಅದನ್ನು ಹೊಸದಾಗಿ ಮಾಡಿದರು.

ಚಿಕ್ಕದು ಅಂತ ಸಸಾರ ಮಾಡಿ ಪೆಟ್ಟು ತಿಂದಿದ್ದೇನೆ. ಒಂದು ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಹೋಗಿದ್ದೆ. ಕಿಟಕಿ ಮುಚ್ಚಿದ ಕಾರಿನೊಳಗೆ ಸೆಕೆ 60 ಡಿಗ್ರಿ ದಾಟಬಹುದು, ಅಂಟು ಮೆತ್ತಗಾಗುತ್ತದೆ. ವಾಪಸ್ ಬಂದಾಗ ತಂತಿ ಎಳೆತಕ್ಕೆ ಕುದುರೆ, ಅಂದರೆ ತಂತಿಗಳನ್ನು ಹಿಡಿದಿಡುವ ಮರದ ತುಂಡು, ಕಿತ್ತು ಮೇಲೆದ್ದಿತ್ತು. ಇನ್ನೊಂದು ಶತ್ರು ಒಣ ಗಾಳಿ. ಮರದ ವಾದ್ಯಕ್ಕೆ 40ರಿಂದ 60% ತೇವ ಇದ್ದರೆ ಹಿತ, ದೂರದ ವಿಮಾನದೊಳಗೆ ಅದು 20% ಕೂಡ ಇರುವುದಿಲ್ಲ. ತೂತು ಕೊರೆದ ಸಣ್ಣ ಡಬ್ಬಿಯಲ್ಲಿ ಒದ್ದೆ ಸ್ಪಂಜು ಹಾಕಿ ವಾದ್ಯದ ಚೀಲದೊಳಗೆ ಇಡುತ್ತೇನೆ. ಚೆನ್ನಾಗಿ ಹಿಂಡಿ ಇಡಿ, ತೊಟ್ಟಿಕ್ಕಬಾರದು.

ಹೊಲಿಗೆಗೆ ಬಂದಿದ್ದು ಈ ವಾದ್ಯದ ದೆಸೆಯಿಂದ. ಅಂಗಡಿಯ ರೆಡಿಮೇಡ್ ಶರ್ಟಿನ ಕಫ್ ಗುಂಡಿ ಪ್ರತಿ ಸಲವೂ ಮರಕ್ಕೆ ಟಕ್ ಅಂತ ತಾಗುತ್ತಿತ್ತು. ಕೈ ಎತ್ತಿದರೆ ಇಡೀ ಶರ್ಟು ಮೇಲೆದ್ದು ಹೊಟ್ಟೆ ಕಾಣುತ್ತಿತ್ತು. ತೋಳು ಸಡಿಲ ಬೇಕು ಅಂದುಕೊಂಡು ತೋಳಿನ ಕಂಡಿ (ಮೈಬಟ್ಟೆಗೆ ತೋಳು ಸೇರುವ ತೂತು) ದೊಡ್ಡದು ಮಾಡಿದೆ, ಇನ್ನೂ ಕೆಟ್ಟಿತು. ನಿಜ ಉಲ್ಟಾ ಇದೆ: ಕಂಡಿ ಕಂಕುಳಿಗೆ ಹತ್ತಿರ, ಎತ್ತರದಲ್ಲಿದ್ದಷ್ಟೂ ಕೈ ಸಲೀಸಾಗಿ ಏಳುತ್ತದೆ. ಕೆಳಗೆ ಇಳಿದಷ್ಟೂ ತೋಳಿನ ಜೊತೆ ಮೈಬಟ್ಟೆಯನ್ನೂ ಎಳೆಯುತ್ತದೆ. ಇದು ತಲೆಗೆ ಹೋಗಲು ನನಗೆ ನಾಲ್ಕು ಶರ್ಟು ಹಾಳಾಗಬೇಕಾಯಿತು. ಈಗ ಕಂಡಿ ಎತ್ತರಕ್ಕೆ ಕತ್ತರಿಸಿ, ಕಂಕುಳಲ್ಲಿ 10 ಸೆಂಮೀಯ ಒಂದು ಚೌಕ ತುಂಡನ್ನು ಓರೆಯಾಗಿ ಕೂರಿಸುತ್ತೇನೆ. ಬಟ್ಟೆಯನ್ನು 45 ಡಿಗ್ರಿ ಓರೆಯಲ್ಲಿ ಎಳೆದು ನೋಡಿ, ರಬ್ಬರಿನಂತೆ ಹಿಗ್ಗುತ್ತದೆ. ಉದ್ದಕ್ಕೆ ಎಳೆದರೆ ಜಪ್ಪಯ್ಯ ಅಂದರೂ ಹಿಗ್ಗುವುದಿಲ್ಲ. ಕಫ್ ಗುಂಡಿ ತೆಗೆದು ಕಟ್ಟುವ ಲಾಡಿ ಇಟ್ಟೆ. ಅದನ್ನು ನೋಡಿ "ಏನು ಸ್ಟೈಲು!" ಅಂದವರಿದ್ದಾರೆ. ಗುಂಡಿ ಸದ್ದಿನ ಕಾಟಕ್ಕೆ ಮಾಡಿದ್ದು ಅಂತ ಹೇಳಿದರೆ ನಂಬುವುದಿಲ್ಲ.

ಹತ್ತಿ ಬಟ್ಟೆಯನ್ನು ಕತ್ತರಿಸುವ ಮೊದಲು ಒಗೆಯಿರಿ, ಕುಗ್ಗುತ್ತದೆ. ಬಣ್ಣ ಆಯ್ಕೆಯಲ್ಲಿ ನಾನು ಸೋಮಾರಿ, ನೀಲಿ ಮತ್ತು ಮಣ್ಣಿನ ಬಣ್ಣ ಮಾತ್ರ. ನಾಲ್ಕು ಶರ್ಟು, ಎರಡು ಪ್ಯಾಂಟು, ಎರಡು ಮೇಲಂಗಿ, ಎಲ್ಲವೂ ಎಲ್ಲದಕ್ಕೂ ಒಪ್ಪುವ ಹಾಗಿದ್ದರೆ 16 ಜೋಡಿ ಆಗುತ್ತದೆ, ಲೆಕ್ಕ ಹಾಕಿ. ಅಮೆರಿಕದ ಫ್ಯಾಷನ್ ಡಿಸೈನರ್ ಡೋನಾ ಕರಣ್ 1985ರಲ್ಲಿ ಏಳೇ ಉಡುಪಿನ ಸಂಗ್ರಹ ಮಾಡಿ ಹೆಸರಾದರು, ಅದರ ಹಿಂದಿನ ಲೆಕ್ಕವೂ ಇಂಥದ್ದೇ. ಸೂಜಿ ಒಯ್ಯುವುದಕ್ಕೆ ನನಗೆ ತೊಂದರೆ ಆಗಿಲ್ಲ. ಕತ್ತರಿಯ ಅಲಗು 6 ಸೆಂಮೀಗಿಂತ ಉದ್ದ ಇದ್ದರೆ ಬಹಳಷ್ಟು ನಿಲ್ದಾಣಗಳಲ್ಲಿ ಒಳಗೆ ಬಿಡುವುದಿಲ್ಲ. ನನ್ನ ಒಳ್ಳೇ ಕತ್ತರಿ ಒಂದು ಹಾಗೇ ಹೋಯಿತು.

ಇನ್ನು ಓಡಾಟ. "ನೋಡಲೇಬೇಕಾದ" ಜಾಗಗಳ ಪಟ್ಟಿ ಹಿಡಿದು ಹೋಗುವುದನ್ನು ಬಿಟ್ಟು, ಪ್ರತಿ ಸಲ ಒಂದು ಪ್ರಶ್ನೆ ಇಟ್ಟುಕೊಂಡು ಹೋಗುತ್ತೇನೆ. ಪ್ರಶ್ನೆ ಎಷ್ಟು ಪೆದ್ದಾಗಿದ್ದರೂ ಪರವಾಗಿಲ್ಲ. ನನಗೆ ಅತಿ ಹೆಚ್ಚು ಕೊಟ್ಟ ಪ್ರಶ್ನೆ ಇದು: ಒಂದು ಊರಿನ ಶ್ರುತಿ ಯಾವುದು?

ನಗಬೇಡಿ. ರಸ್ತೆ ಬದಿಯ ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುತ್ತದಲ್ಲ, ಅದರ ಮುಖ್ಯ ಸ್ವರ ವಿದ್ಯುತ್ತಿನ ಹರ್ಟ್ಸ್‌ನ (ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ) ಎರಡರಷ್ಟು. 50 ಹರ್ಟ್ಸ್ ಇರುವ ಕಡೆ 100, 60 ಇರುವ ಕಡೆ 120. ಅಂದರೆ ಇಡೀ ದೇಶ ಹಗಲು ರಾತ್ರಿ ಒಂದು ತಂಬೂರಿ ಮೀಟುತ್ತಾ ಇರುತ್ತದೆ, ನಾವು ಕಿವಿ ಕೊಟ್ಟಿರುವುದಿಲ್ಲ ಅಷ್ಟೇ. ಜಪಾನಿನಲ್ಲಿ ಎರಡೂ ಇದೆ. ಪೂರ್ವಕ್ಕೆ ಟೋಕಿಯೋ ಕಡೆ 50, ಪಶ್ಚಿಮಕ್ಕೆ ಒಸಾಕಾ ಕಡೆ 60, ಏಕೆಂದರೆ 1890ರ ದಶಕದಲ್ಲಿ ಒಂದು ಕಡೆ ಜರ್ಮನಿಯ ಯಂತ್ರ ತರಿಸಿದರು, ಇನ್ನೊಂದು ಕಡೆ ಅಮೆರಿಕದ್ದು. ನಾನು ಅಲ್ಲಿಗೆ ಹೋಗಿದ್ದೇ ಈ ಗೆರೆ ದಾಟುವುದನ್ನು ಕೇಳಲು. ಟೋಕಿಯೋದಲ್ಲಿ ಯುಕುಲೇಲೆಯ ಜಿ ಅನ್ನುವ ಸ್ವರದ ತಂತಿಯನ್ನು ಆ ಗುಂಯ್‌ಗೆ ಹೊಂದಿಸಿದೆ. ಮಾಮೂಲಿ ಜಿ 392 ಹರ್ಟ್ಸ್, ನನಗೆ ಬೇಕಾಗಿದ್ದು 400, ಅಂದರೆ ಗುಂಯ್‌ನ 100 ಅನ್ನು ಎರಡು ಸಲ ಇಮ್ಮಡಿ ಮಾಡಿದ್ದು, ಅದೇ ಸ್ವರ ಎರಡು ಸ್ಥಾಯಿ ಮೇಲೆ. ಬಿರಡೆ ಒಂಚೂರು ತಿರುಗಿಸಿದರೆ ಸಾಕು, ಉಳಿದ ಮೂರು ತಂತಿಯನ್ನೂ ಅಷ್ಟೇ ಏರಿಸಿದೆ. ಒಸಾಕಾದಲ್ಲಿ ಗೋಳು. ಅಲ್ಲಿನ ಗುಂಯ್ ಎರಡು ಸ್ವರಗಳ ನಟ್ಟನಡುವೆ ಕೂರುತ್ತದೆ, ವಾದ್ಯದ ಕತ್ತಿನ ಯಾವ ಮೆಟ್ಟಿಲಿಗೂ ಸೇರುವುದಿಲ್ಲ. ಎರಡು ದಿನ ಒದ್ದಾಡಿ, ನಾಲ್ಕೂ ತಂತಿಗಳನ್ನು ಮಾಮೂಲಿಗಿಂತ ಅರ್ಧ ಮೆಟ್ಟಿಲಷ್ಟು ಇಳಿಸಿ ನುಡಿಸಿದೆ. ಆ ವರ್ಷ ನಾನು ಮಾಡಿದ ಆರು ಹಾಡಿನಲ್ಲಿ ನಾಲ್ಕು ಹುಟ್ಟಿದ್ದು ಆ ಒದ್ದಾಟದಲ್ಲೇ. ದೇವಸ್ಥಾನ, ಗೋಪುರ ಎಷ್ಟೋ ನೋಡಿದೆ, ಈಗ ನೆನಪಿಗೆ ಬರುವುದು ಒಂದು ಕಂಬದ ಕೆಳಗೆ ಕಣ್ಣು ಮುಚ್ಚಿ ನಿಂತಿದ್ದು, ಒಬ್ಬ ಅಜ್ಜಿ ನಾನು ದಾರಿ ತಪ್ಪಿದ್ದೇನೆ ಅಂದುಕೊಂಡು ಕೈ ಹಿಡಿದು ಸ್ಟೇಷನ್‌ವರೆಗೆ ಬಿಟ್ಟು ಹೋಗಿದ್ದು.

ಊರಿನ ಸದ್ದು ರೆಕಾರ್ಡ್ ಮಾಡುವಾಗ ರೆಕಾರ್ಡರಿನ ಗುಣಮಟ್ಟದ ಸೆಟ್ಟಿಂಗ್ 24 ಬಿಟ್, 48 ಕಿಲೋಹರ್ಟ್ಸ್ ಇಟ್ಟುಕೊಳ್ಳಿ. ಸ್ಟೀರಿಯೋದಲ್ಲಿ ನಿಮಿಷಕ್ಕೆ ಸುಮಾರು 17 ಎಂಬಿ ಆಗುತ್ತದೆ, ಇಡೀ ದಿನ ರೆಕಾರ್ಡ್ ಮಾಡಿದರೂ ಇವತ್ತಿನ ಕಾರ್ಡಿಗೆ ಭಾರವಲ್ಲ. ಶುರುವಿನಲ್ಲಿ ತಾರೀಕು, ಜಾಗ ಬಾಯಲ್ಲೇ ಹೇಳಿಬಿಡಿ. "ಆಮೇಲೆ ಬರೆದುಕೊಳ್ತೀನಿ" ಅಂತ ಬಿಟ್ಟ ನನ್ನ ಫೈಲುಗಳಲ್ಲಿ ಯಾವ ಮಳೆ ಯಾವ ಊರಿನದು ಅಂತ ಇವತ್ತಿಗೂ ಗೊತ್ತಿಲ್ಲ.

ಮನೆಗೆ ಬಂದ ಮೇಲೆ ದಿನಾ 20 ನಿಮಿಷ ನುಡಿಸುತ್ತೇನೆ, ಹೊಲಿಗೆ ಭಾನುವಾರ ಮಾತ್ರ. ಎರಡೂ ಒಂದೇ ದಿನ ಆಗುವುದಿಲ್ಲ, ಸೂಜಿ ಚುಚ್ಚಿಕೊಂಡ ಬೆರಳಲ್ಲಿ ತಂತಿ ಒತ್ತಿ ನೋಡಿ, ಯಾಕೆ ಅಂತ ತಿಳಿಯುತ್ತದೆ.

ಈಗ ಮೇಜಿನ ಮೇಲಿರುವುದು ಒಂದು ಅರ್ಧ ಹೊಲಿದ ಜಾಕೆಟ್. ನೈಲಾನ್ ಜಾಕೆಟ್ ಹಾಕಿ ರೆಕಾರ್ಡ್ ಮಾಡಿದರೆ ಕೈ ಅಲ್ಲಾಡಿದಾಗಲೆಲ್ಲ ಚರಚರ ಸದ್ದು ಮೈಕಿಗೆ ಹೋಗುತ್ತದೆ, ಅದಕ್ಕೇ ಸದ್ದಿಲ್ಲದ ಒಂದು ಬೇಕು ಅಂತ ಶುರು ಮಾಡಿದ್ದು. ಒಳಗಿನ ಲೈನಿಂಗಿಗೆ ಐದು ಬಟ್ಟೆ ತುಂಡು ತಂದು ಒಂದೊಂದನ್ನೇ ಮೈಕಿನ ಪಕ್ಕ ಉಜ್ಜಿ ಕೇಳಿದೆ. ಫ್ಲಾನೆಲ್ ಗೆದ್ದಿತು, ಸದ್ದೇ ಇಲ್ಲ. ಆದರೆ ಅದನ್ನು ಸೇರಿಸಿ ತೂಗಿದರೆ ಬ್ಯಾಗು 7 ಕೆಜಿ 180 ಗ್ರಾಂ. ಒಂದು ಪ್ಯಾಂಟು ಬಿಡಬೇಕು, ಇಲ್ಲ ರೆಕಾರ್ಡರಿನ ಚಾರ್ಜರ್ ಬಿಡಬೇಕು. ನಿನ್ನೆ ರಾತ್ರಿ ಜಾಕೆಟ್ಟಿನ ಜೇಬುಗಳನ್ನೇ ಬಿಚ್ಚಿ ತೂಗಿ ನೋಡಿದೆ, 40 ಗ್ರಾಂ ಕಡಿಮೆಯಾಯಿತು ಅಷ್ಟೇ.