ಗ್ಯಾರೇಜ್ ಓಪನರಿಗೆ ಸೀಲಿಂಗಿನಲ್ಲಿ ಔಟ್ಲೆಟ್ ಹಾಕಿದ ಬಗೆ

ಅಮೆರಿಕದ ಹಳೆಯ ಮನೆಗಳ ಗ್ಯಾರೇಜಿನಲ್ಲಿ ಗೋಡೆಗೊಂದು ಔಟ್ಲೆಟ್ ಇದ್ದರೆ ಹೆಚ್ಚು, ಸೀಲಿಂಗಿನಲ್ಲಂತೂ ಇರುವುದಿಲ್ಲ. ಬಾಗಿಲನ್ನು ಮೋಟಾರಿನಿಂದ ಎತ್ತಿ ಇಳಿಸುವ ಓಪನರ್ ಕೊಂಡು ತಂದವರು ಎಕ್ಸ್‌ಟೆನ್ಶನ್ ಕಾರ್ಡ್ ಎಳೆದು, ಮರಕ್ಕೆ ಮೊಳೆ ಹೊಡೆದು ಸಿಕ್ಕಿಸಿ, ವರ್ಷಗಟ್ಟಲೆ ಹಾಗೇ ಬಿಡುತ್ತಾರೆ. ಕಾಯಂ ವೈರಿಂಗ್ ಬದಲಿಗೆ ಕಾರ್ಡ್ ಬಳಸಲು ಅಲ್ಲಿನ ಕೋಡ್ (ವೈರಿಂಗ್ ನಿಯಮಾವಳಿ) ಒಪ್ಪುವುದಿಲ್ಲ. ನಾನು ಗೋಡೆಯ ಔಟ್ಲೆಟ್ಟಿನಿಂದಲೇ ಲೈನ್ ಮುಂದುವರಿಸಿ ಸೀಲಿಂಗಿಗೆ ಒಯ್ದೆ. ಊರಿನ ಪರ್ಮಿಟ್ ಕಚೇರಿಯಲ್ಲಿ ಮನೆಯವರೇ ಈ ಕೆಲಸ ಮಾಡಬಹುದೇ ಎಂದು ಮೊದಲು ಕೇಳಿಕೊಳ್ಳಿ. ನಿಯಮ ಊರಿಂದೂರಿಗೆ ಬೇರೆ.

ನಮ್ಮ ಕಡೆಯಿಂದ ಹೋದವರಿಗೆ ಎಲ್ಲಕ್ಕಿಂತ ಮೊದಲು ಹೇಳಬೇಕಾದದ್ದು ಬಣ್ಣದ ಮಾತು. ಊರಿನಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್ ಎಂದು ಕೈಗೆ ರೂಢಿಯಾಗಿರುತ್ತದೆ. ಅಲ್ಲಿ ಕಪ್ಪೇ ಫೇಸ್, ಬಿಳಿ ನ್ಯೂಟ್ರಲ್, ಬರಿಯ ತಾಮ್ರದ ತಂತಿ ಅರ್ತ್. ಔಟ್ಲೆಟ್ಟಿನ ಹಿತ್ತಾಳೆ ಬಣ್ಣದ ಸ್ಕ್ರೂಗೆ ಕಪ್ಪು, ಬೆಳ್ಳಿ ಬಣ್ಣದ್ದಕ್ಕೆ ಬಿಳಿ, ಹಸಿರು ಸ್ಕ್ರೂಗೆ ತಾಮ್ರ. 120 ವೋಲ್ಟ್ ತಾನೇ ಎಂದು ಸದರ ಮಾಡಬೇಡಿ, ಜೀವ ತೆಗೆಯಲು ಅಷ್ಟು ಸಾಕು.

ಕರೆಂಟನ್ನು ಎಲ್ಲಿಂದ ತೆಗೆಯುವುದು ಎಂಬುದರಲ್ಲೇ ಅರ್ಧ ಕೆಲಸ ಅಡಗಿದೆ. ಬ್ರೇಕರ್ ಆಫ್ ಮಾಡಿ, ಮನೆಯಲ್ಲಿ ಇನ್ನೇನೇನು ಆರಿತು ಎಂದು ಸುತ್ತಿ ನೋಡಿ. ಕೆಲವು ಹಳೆಯ ಮನೆಗಳಲ್ಲಿ ಗ್ಯಾರೇಜಿನ ಔಟ್ಲೆಟ್ ಬಚ್ಚಲುಮನೆಯ ಲೈನಿನಲ್ಲೇ ಇರುತ್ತದೆ. ಹಾಗಿದ್ದರೆ ಅದನ್ನು ಮುಟ್ಟದೆ, ಬ್ರೇಕರುಗಳಿರುವ ಪ್ಯಾನೆಲ್ಲಿನಿಂದ ಹೊಸ ಲೈನ್ ತರಬೇಕು. ಫ್ರೀಜರ್ ಇರುವ ಲೈನೂ ಬೇಡ, ಒಂದು ಟ್ರಿಪ್ ಆದರೆ ಮಾಂಸ, ತರಕಾರಿ ಎಲ್ಲ ಹಾಳು. ಓಪನರ್ ಎಳೆಯುವುದು ಸುಮಾರು ಐದಾರು ಆಂಪ್, ಅದೂ ಕೆಲವೇ ಸೆಕೆಂಡು. ಹಾಗಾಗಿ ಲೋಡಿನ ಚಿಂತೆ ದೊಡ್ಡದಲ್ಲ. ಬ್ರೇಕರ್ ಎಷ್ಟು ಆಂಪಿನದು ಎಂಬುದು ಮಾತ್ರ ಮುಖ್ಯ: 15 ಆದರೆ 14 ಗೇಜ್ ವೈರು ನಡೆಯುತ್ತದೆ, 20 ಆದರೆ 12 ಗೇಜೇ ಬೇಕು (ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ತಂತಿ ದಪ್ಪ). ಈಗ ಬರುವ ಕೇಬಲ್ಲಿನ ಹೊರಕವಚ 14ಕ್ಕೆ ಬಿಳಿ, 12ಕ್ಕೆ ಹಳದಿ. 20 ಆಂಪ್ ಬ್ರೇಕರಿಗೆ 14 ಗೇಜ್ ಕಟ್ಟಿದರೆ ವೈರು ಕಾದರೂ ಬ್ರೇಕರ್ ಸುಮ್ಮನಿರುತ್ತದೆ.

ಗ್ಯಾರೇಜಿನ ಔಟ್ಲೆಟ್ಟಿಗೆ ಜಿಎಫ್‌ಸಿಐ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸಾಧನ) ರಕ್ಷಣೆ ಬೇಕು. 2008ರ ಕೋಡಿನಿಂದ ಸೀಲಿಂಗಿನದ್ದಕ್ಕೂ ವಿನಾಯಿತಿ ಇಲ್ಲ. ಊರಿನ ಆರ್‌ಸಿಸಿಬಿ ಮಾಡುವ ಕೆಲಸವೇ ಇದು, ಆದರೆ ತೀರ ಸೂಕ್ಷ್ಮ: ಮನೆಬಳಕೆಯ ಆರ್‌ಸಿಸಿಬಿ ಸಾಮಾನ್ಯವಾಗಿ 30 ಮಿಲಿಆಂಪಿನದು, ಇದು 4ರಿಂದ 6ಕ್ಕೇ ಬೀಳುತ್ತದೆ. ಇಲ್ಲಿ ಅನೇಕರು ಎಡವುವುದು ಜಿಎಫ್‌ಸಿಐಯನ್ನು ಸೀಲಿಂಗಿನಲ್ಲೇ ಕೂರಿಸಿ. ಟ್ರಿಪ್ ಆದಾಗ ರೀಸೆಟ್ ಒತ್ತಲು ಏಣಿ ತರಬೇಕಾದರೆ ಅದು ಕೋಡಿಗೂ ಒಪ್ಪಿಗೆಯಲ್ಲ, ಮನೆಯವರಿಗೂ ಹಿಂಸೆ. ಜಿಎಫ್‌ಸಿಐ ಗೋಡೆಯಲ್ಲಿರಲಿ, ಮುಂದಕ್ಕೆ ಕರೆಂಟ್ ಕೊಡುವ ಅದರ ಲೋಡ್ ಸ್ಕ್ರೂಗಳಿಂದ ಸೀಲಿಂಗಿನ ಸಾದಾ ಔಟ್ಲೆಟ್ಟಿಗೆ ವೈರು ಹೋಗಲಿ.

ನನಗೆ ಬೇಕಾದದ್ದು ಇಷ್ಟು: 12 ಗೇಜಿನ ಎರಡು ತಂತಿ ಹಾಗೂ ಅರ್ತ್ ಇರುವ, ಪ್ಲಾಸ್ಟಿಕ್ ಹೊರಕವಚದ ಎನ್‌ಎಂ ಕೇಬಲ್ 25 ಅಡಿಯ ಒಂದು ಸುರುಳಿ, 20 ಆಂಪಿನ ಒಂದು ಜಿಎಫ್‌ಸಿಐ, 15 ಆಂಪಿನ ಒಂದು ಡ್ಯೂಪ್ಲೆಕ್ಸ್ ಔಟ್ಲೆಟ್ (ಎರಡು ಪ್ಲಗ್ಗಿನದಾದ್ದರಿಂದ 20 ಆಂಪ್ ಲೈನಿನಲ್ಲಿ ಇದು ಸರಿ), ಪ್ಲಾಸ್ಟಿಕ್ ಬಾಕ್ಸ್, ಸ್ಟೇಪಲ್, ತಂತಿಯ ತುದಿಗಳನ್ನು ಸೇರಿಸುವ ವೈರ್ ನಟ್ಟು, ಕವರ್ ಪ್ಲೇಟು. ಗೋಡೆಯ ಜಿಎಫ್‌ಸಿಐ ಮಕ್ಕಳು ಕಡ್ಡಿ ತುರುಕದಂತೆ ಷಟರ್ ಇರುವುದೇ ಆಗಬೇಕು. ಗೋಡೆಯ ಬಾಕ್ಸಿನ ಅಳತೆಯನ್ನೂ ನೋಡಿ. 12 ಗೇಜಿನ ಒಂದೊಂದು ತಂತಿಗೆ 2.25 ಘನ ಇಂಚು ಲೆಕ್ಕ. ಎರಡು ಕೇಬಲ್ ಬಂದರೆ ನಾಲ್ಕು ತಂತಿ, ಅರ್ತ್ ಎಲ್ಲ ಸೇರಿ ಒಂದು, ಜಿಎಫ್‌ಸಿಐಗೆ ಎರಡು, ಒಟ್ಟು ಏಳು, ಅಂದರೆ 15.75. ಹದಿನೆಂಟರ ಬಾಕ್ಸ್ ಕಾಗದದ ಮೇಲೆ ಸಾಕು. ಆದರೆ ಜಿಎಫ್‌ಸಿಐಯ ಬೆನ್ನು ದಪ್ಪ, ವೈರು ಮಡಚುವಾಗ ಬೆರಳು ನೋಯುತ್ತದೆ. 20ರ ಮೇಲಿನದನ್ನೇ ತನ್ನಿ.

ಸೀಲಿಂಗಿನ ಬಾಕ್ಸಿನ ಜಾಗವನ್ನು ಓಪನರಿನ ಕಾರ್ಡ್ ನೋಡಿಯೇ ಗುರುತಿಸಬೇಕು. ಹೆಚ್ಚಿನವಕ್ಕೆ ಮೂರು ನಾಲ್ಕು ಅಡಿ ಕಾರ್ಡ್ ಮಾತ್ರ. ಏಳಡಿ ಎತ್ತರದ ಬಾಗಿಲಿಗೆ ಮೋಟಾರು ಬಾಗಿಲಿನಿಂದ ಸುಮಾರು ಹತ್ತಡಿ ಹಿಂದೆ, ನಡುಮಧ್ಯ ತೂಗುತ್ತದೆ. ಅದರ ಹತ್ತಿರದ ಟ್ರಸ್ಸಿನ (ಛಾವಣಿ ಹೊರುವ ಮರದ ಚೌಕಟ್ಟಿನ) ಪಕ್ಕಕ್ಕೆ ಬಾಕ್ಸ್ ಬಡಿದೆ, ಬಾಗಿಲು ಮೇಲೆ ಬಂದಾಗ ಪ್ಲಗ್ಗಿಗೆ ತಾಗದಷ್ಟು ದೂರದಲ್ಲಿ.

ಬ್ರೇಕರ್ ಆಫ್ ಮಾಡಿದ ಮೇಲೂ ಟೆಸ್ಟರಿನಿಂದ ನೋಡದೆ ವೈರಿಗೆ ಕೈ ಹಾಕಬೇಡಿ. ಟೆಸ್ಟರನ್ನು ಮೊದಲು ಕರೆಂಟ್ ಇರುವ ಕಡೆ ಹಿಡಿದು ಅದು ಕೆಲಸ ಮಾಡುತ್ತಿದೆಯೇ ನೋಡಿಕೊಳ್ಳಬೇಕು. ಪ್ಯಾನೆಲ್ ತೆರೆಯುವ ಕೆಲಸ ಬಂದರೆ, ಮುಖ್ಯ ಬ್ರೇಕರ್ ಆಫ್ ಇದ್ದರೂ ಬೀದಿಯಿಂದ ಬರುವ ದಪ್ಪ ವೈರುಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ. ಆ ಭಾಗವನ್ನು ಎಲೆಕ್ಟ್ರಿಷಿಯನ್‌ಗೇ ಬಿಡುವುದು ವಾಸಿ ಎಂಬುದು ನನ್ನ ಅಭಿಪ್ರಾಯ.

ಗೋಡೆಯ ಕಂಬಕ್ಕೆ ತೂತು ಕೊರೆಯುವುದಾದರೆ ಅಂಚಿನಿಂದ ಒಂದೂಕಾಲು ಇಂಚು ಒಳಗಿರಲಿ. ಅಷ್ಟು ಸಿಗದ ಕಡೆ ಉಕ್ಕಿನ ತಗಡು ಬಡಿಯಬೇಕು, ಇಲ್ಲದಿದ್ದರೆ ನಾಳೆ ಯಾರೋ ಹೊಡೆಯುವ ಸ್ಕ್ರೂ ಸೀದಾ ಕೇಬಲ್ಲಿಗೇ. ಟ್ರಸ್ಸನ್ನಂತೂ ಕೊರೆಯಲೂಬಾರದು, ಕಚ್ಚು ಹಾಕಲೂಬಾರದು. ಅದರ ಪಕ್ಕಕ್ಕೆ ಅಂಟಿಸಿಕೊಂಡೇ ಕೇಬಲ್ ಒಯ್ಯಿರಿ. ಸ್ಟೇಪಲ್ ಬಾಕ್ಸಿನಿಂದ 8 ಇಂಚಿನೊಳಗೆ ಒಂದು, ಆಮೇಲೆ ನಾಲ್ಕೂವರೆ ಅಡಿಗೆ ಮೀರದಂತೆ ಒಂದೊಂದು. ಕವಚ ತಗ್ಗು ಬೀಳುವಷ್ಟು ಬಡಿಯುವುದು ಬೇಡ. ಏಣಿ, ಸಲಿಕೆ ತಾಗುವ ಜಾಗದಲ್ಲಿ ಪೈಪಿನೊಳಗೆ ಹಾಕಬೇಕು. ಮನೆಗೆ ಅಂಟಿದ ಗೋಡೆ ಬೆಂಕಿ ತಡೆಯುವ ಗೋಡೆಯಾದ್ದರಿಂದ ಅದರಲ್ಲಿ ಮಾಡಿದ ತೂತನ್ನು ಫೈರ್ ಸೀಲೆಂಟಿನಿಂದ ಮುಚ್ಚಿ.

ಜೋಡಣೆಯಲ್ಲಿ ಕಾಲು ಇಂಚು ಕವಚ ಬಾಕ್ಸಿನೊಳಗೆ ಬರಬೇಕು, ತಂತಿ ಆರು ಇಂಚು ಸಡಿಲ ಇರಬೇಕು. ಔಟ್ಲೆಟ್ಟಿನ ಹಿಂದೆ ತಂತಿ ಚುಚ್ಚುವ ತೂತು ಇರುತ್ತದೆ, ಅದನ್ನು ನಾನು ಬಳಸುವುದೇ ಇಲ್ಲ, ಕ್ರಮೇಣ ಸಡಿಲಾಗುತ್ತದೆ. ತಂತಿಯನ್ನು ಸ್ಕ್ರೂ ತಿರುಗುವ ದಿಕ್ಕಿಗೇ ಸುತ್ತಿ ಬಿಗಿದೆ. ಜಿಎಫ್‌ಸಿಐಯ ಲೋಡ್ ಸ್ಕ್ರೂಗಳ ಮೇಲೆ ಹಳದಿ ಪಟ್ಟಿ ಅಂಟಿರುತ್ತದೆ. ಪ್ಯಾನೆಲ್ಲಿನಿಂದ ಬಂದದ್ದು ಲೈನಿಗೆ, ಸೀಲಿಂಗಿಗೆ ಹೋಗುವುದು ಲೋಡಿಗೆ. ಅದಲುಬದಲಾದರೆ ಈಗಿನ ಜಿಎಫ್‌ಸಿಐ ರೀಸೆಟ್ಟೇ ಆಗುವುದಿಲ್ಲ. ಸರಿಯಾಗಿ ಕಟ್ಟಿಯೂ ಕೂಡಲೇ ಟ್ರಿಪ್ ಆಗುತ್ತಿದ್ದರೆ ಸೀಲಿಂಗಿನ ಬಾಕ್ಸ್ ಬಿಚ್ಚಿ ನೋಡಿ. ಒಳಗೆ ತುರುಕುವಾಗ ಬರಿಯ ತಾಮ್ರದ ತಂತಿ ಬೆಳ್ಳಿ ಬಣ್ಣದ ಸ್ಕ್ರೂಗೆ ತಾಗಿರಬಹುದು.

ಕರೆಂಟ್ ಕೊಟ್ಟು, ಜಿಎಫ್‌ಸಿಐ ಗುಂಡಿ ಇರುವ ಮೂರು ದೀಪದ ಪ್ಲಗ್ ಟೆಸ್ಟರನ್ನು ಸೀಲಿಂಗಿನ ಔಟ್ಲೆಟ್ಟಿಗೆ ಸಿಕ್ಕಿಸಿ ಗುಂಡಿ ಒತ್ತಿದಾಗ ಗೋಡೆಯ ಜಿಎಫ್‌ಸಿಐ ಬೀಳಬೇಕು. ಬಿದ್ದ ಮೇಲೆ ರೀಸೆಟ್ ಒತ್ತಿ ಓಪನರಿನ ಪ್ಲಗ್ ಹಾಕಿದೆ, ಬಾಗಿಲನ್ನು ಹತ್ತು ಸಲ ಎತ್ತಿ ಇಳಿಸಿದೆ. ಮನೆಯವರಿಗೆಲ್ಲ ಎರಡು ವಿಷಯ ತೋರಿಸಿಡಿ: ರೀಸೆಟ್ ಗುಂಡಿ ಎಲ್ಲಿದೆ, ಕರೆಂಟ್ ಇಲ್ಲದಾಗ ಎಳೆಯುವ ಕೆಂಪು ಹಗ್ಗ ಯಾವುದು. ಬಾಗಿಲು ಕೆಳಗಿರುವಾಗಲೇ ಆ ಹಗ್ಗ ಎಳೆಯಬೇಕು. ಸ್ಪ್ರಿಂಗ್ ದುರ್ಬಲವಾಗಿದ್ದರೆ ಮೇಲಿದ್ದ ಬಾಗಿಲು ಧಡಾರನೆ ಬೀಳುತ್ತದೆ.